ಬೆನ್ನುಮೂಳೆಯ ಉರಿಯೂತ ವಾತ: ಬೇಗ ಗುರುತಿಸುವುದು, ಅದರೊಡನೆ ಬಾಳುವುದು

ಸೊಂಟ ನೋವನ್ನು ಕಾಣದ ಮನೆ ಅಪರೂಪ. ಚಿಕ್ಕಬಾಣಾವರ, ಸೋಲದೇವನಹಳ್ಳಿ, ಹೆಸರಘಟ್ಟ ಸುತ್ತಿನ ಊರುಗಳಲ್ಲಿ ತೋಟ, ತರಕಾರಿ ಮಡಿಗಳಲ್ಲಿ ಬಗ್ಗಿ ದುಡಿಯುವವರು, ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ನಿಂತು ಕೆಲಸ ಮಾಡುವವರು, ಗಾರ್ಮೆಂಟ್ಸ್‌ಗಳಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳು, ಬೆಳಗಿನ ರೈಲು ಹಿಡಿದು ಯಶವಂತಪುರದ ಕಡೆಗೆ ನಿಂತೇ ಪ್ರಯಾಣಿಸುವವರು, ಎಲ್ಲರೂ ಒಂದಲ್ಲ ಒಂದು ದಿನ ನಡು ಹಿಡಿದುಕೊಂಡು ನಿಂತವರೇ. ಈ ನೋವುಗಳಲ್ಲಿ ಬಹುಪಾಲು ಸ್ನಾಯುಗಳ ಆಯಾಸದಿಂದಲೋ, ಭಾರ ಎತ್ತಿದ್ದರಿಂದಲೋ, ವಯಸ್ಸಿನ ಸವೆತದಿಂದಲೋ ಬಂದವು. ಕೆಲವು ವಾರಗಳಲ್ಲಿ ತಗ್ಗುತ್ತವೆ. ಆದರೆ ಇವುಗಳ ನಡುವೆ ಒಂದು ಸಣ್ಣ ಪಾಲು ಬೇರೆಯೇ ಜಾತಿಯದು. ಅದು ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಸದ್ದಿಲ್ಲದೆ ಆರಂಭವಾಗುತ್ತದೆ, ವರ್ಷಗಳ ಕಾಲ ಬಿಡುವುದಿಲ್ಲ, ವಿಶ್ರಾಂತಿ ಪಡೆದಷ್ಟೂ ಹೆಚ್ಚುತ್ತದೆ. ಗುರುತಿಸದೆ ಬಿಟ್ಟರೆ ಕೆಲವರಲ್ಲಿ ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಬಿದಿರಿನ ಗಳದಂತೆ ಸೆಟೆದು ನಿಲ್ಲುತ್ತದೆ. ವೈದ್ಯರು ಇದನ್ನು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಇನ್ನೂ ಕಾಣಿಸಿಕೊಳ್ಳದ ಆರಂಭದ ಹಂತವನ್ನೂ ಸೇರಿಸಿ ಈಚೆಗೆ ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್ ಎಂಬ ಹೆಸರೂ ಬಳಕೆಯಲ್ಲಿದೆ. ಕನ್ನಡದಲ್ಲಿ ಬೆನ್ನುಮೂಳೆಯ ಉರಿಯೂತ ವಾತ ಎಂದರೆ ಸಾಕು.

ಆರೋಗ್ಯ ಕೇಂದ್ರದ ಕೆಲಸವಾದ ಈ ವಿಷಯ ಪಂಚಾಯಿತಿ ಸದಸ್ಯರಿಗೆ ಏಕೆ ಎಂಬ ಪ್ರಶ್ನೆ ಸಹಜ. ಈ ರೋಗದ ಬಗ್ಗೆ ಮೊದಲ ತೀರ್ಪು ಬಹುತೇಕ ಆಸ್ಪತ್ರೆಯಲ್ಲಿ ಹೊರಬೀಳುವುದಿಲ್ಲ. ಮನೆಯಲ್ಲಿ, ಕೆಲಸದ ಜಾಗದಲ್ಲಿ, ಊರ ಕಟ್ಟೆಯ ಮೇಲೆ ಹೊರಬೀಳುತ್ತದೆ. ಬೆಳಿಗ್ಗೆ ಏಳಲಾರದ, ಹನ್ನೊಂದು ಗಂಟೆಯ ಹೊತ್ತಿಗೆ ಸರಾಗವಾಗಿ ಓಡಾಡುವ 22 ವರ್ಷದ ಹುಡುಗನನ್ನು ನೋಡಿದವರು ಸೋಮಾರಿ ಎನ್ನುತ್ತಾರೆ. ಆ ಮಾತು ಅಂಟಿಕೊಂಡ ಮೇಲೆ ಅವನು ತನ್ನ ನೋವನ್ನು ಹೇಳುವುದನ್ನೇ ನಿಲ್ಲಿಸುತ್ತಾನೆ. ರೋಗ ಆರಂಭವಾಗಿ ಅದಕ್ಕೊಂದು ಹೆಸರು ಸಿಗುವ ವೇಳೆಗೆ ಹಲವು ವರ್ಷಗಳೇ ಕಳೆಯುವುದು ಪ್ರಪಂಚದ ಎಲ್ಲ ದೇಶಗಳಲ್ಲೂ ಕಂಡುಬಂದಿರುವ ಸಂಗತಿ. ಬೆನ್ನು ಶಾಶ್ವತವಾಗಿ ಬಿಗಿಯುವುದು ಈ ವ್ಯರ್ಥವಾದ ವರ್ಷಗಳಲ್ಲೇ.

ಒಳಗೆ ನಡೆಯುವುದೇನು

ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕಡೆ, ಎಡಕ್ಕೊಂದು ಬಲಕ್ಕೊಂದು ಕೀಲುಗಳಿವೆ. ಇವುಗಳಿಗೆ ಸ್ಯಾಕ್ರೋಇಲಿಯಾಕ್ ಕೀಲುಗಳೆಂದು ಹೆಸರು. ರೋಗ ಸಾಮಾನ್ಯವಾಗಿ ಇಲ್ಲಿಂದ ಹೊರಡುತ್ತದೆ. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯು ದಾರಿತಪ್ಪಿ, ಸ್ನಾಯುರಜ್ಜುಗಳೂ ಅಸ್ಥಿರಜ್ಜುಗಳೂ ಮೂಳೆಗೆ ಅಂಟಿಕೊಳ್ಳುವ ಜಾಗಗಳಲ್ಲಿ ಉರಿಯೂತವನ್ನು ಎಬ್ಬಿಸುತ್ತದೆ. ಉರಿಯೂತ ಆರಿದ ಜಾಗವನ್ನು ದೇಹವು ದುರಸ್ತಿ ಮಾಡಲು ಹೊರಟು ಅಲ್ಲಿ ಹೊಸ ಮೂಳೆಯನ್ನು ಬೆಳೆಸುತ್ತದೆ. ಈ ಹೊಸ ಮೂಳೆಯೇ ಮಣಿಯಿಂದ ಮಣಿಗೆ ಸೇತುವೆ ಕಟ್ಟುವುದು. ವಿಚಿತ್ರವೆಂದರೆ, ಹೊರಗೆ ಮೂಳೆ ಬೆಳೆಯುತ್ತಿರುವಾಗಲೇ ಮಣಿಗಳ ಒಳಭಾಗ ಟೊಳ್ಳಾಗುತ್ತ ಹೋಗುತ್ತದೆ. ಹೀಗಾಗಿ ಬೆಸೆದ ಬೆನ್ನು ನೋಡಲು ಗಟ್ಟಿಯಾಗಿದ್ದರೂ ಮುರಿಯಲು ಸುಲಭ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರಷ್ಯಾದ ಬೆಖ್ತೆರೆವ್, ಜರ್ಮನಿಯ ಸ್ಟ್ರುಂಪೆಲ್, ಫ್ರಾನ್ಸಿನ ಪಿಯರ್ ಮಾರಿ ಎಂಬ ವೈದ್ಯರು ಇದನ್ನು ಪ್ರತ್ಯೇಕ ರೋಗವಾಗಿ ವಿವರಿಸಿದರು. ಅದು ಯಾರಿಗೆ ಏಕೆ ಬರುತ್ತದೆಂಬುದರ ಮೊದಲ ಸುಳಿವು ಸಿಕ್ಕಿದ್ದು 1973ರಲ್ಲಿ. ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳು, ರೋಗಿಗಳಲ್ಲಿ ಬಹುಪಾಲು ಮಂದಿ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತನ್ನು ಹೊತ್ತಿರುತ್ತಾರೆಂದು ಆ ವರ್ಷ ತೋರಿಸಿಕೊಟ್ಟವು. ಈ ಸಂಗತಿಯನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವುದು ಬಲು ಸುಲಭ. ಗುರುತು ಇದ್ದ ಮಾತ್ರಕ್ಕೆ ರೋಗ ಇದೆ ಎಂದಲ್ಲ. ಅದನ್ನು ಹೊತ್ತ ನೂರು ಜನರಲ್ಲಿ ಸುಮಾರು ಐವರಿಗೆ ಮಾತ್ರ ರೋಗ ತಟ್ಟುತ್ತದೆ. ಗುರುತು ಇಲ್ಲದವರಿಗೂ ರೋಗ ಬರಬಹುದು. ಆದ್ದರಿಂದ ಲಕ್ಷಣಗಳಿಲ್ಲದ ಆರೋಗ್ಯವಂತರು, ಅದರಲ್ಲೂ ಮದುವೆಯ ಮಾತುಕತೆಯ ಹೊತ್ತಿನಲ್ಲಿ, ಈ ರಕ್ತಪರೀಕ್ಷೆ ಮಾಡಿಸುವುದರಲ್ಲಿ ಯಾವ ಅರ್ಥವೂ ಇಲ್ಲ.

ಕೇಳಬೇಕಾದ ಪ್ರಶ್ನೆಗಳು

ರೋಗವನ್ನು ನಿರ್ಧರಿಸುವುದು ವೈದ್ಯರ ಕೆಲಸ. ಅನುಮಾನಪಡುವುದಕ್ಕೆ ಮಾತ್ರ ವೈದ್ಯರೇ ಬೇಕಿಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ವಾರ್ಡಿನ ಸದಸ್ಯರು ಮಾತಿನ ನಡುವೆ ಕೇಳಬಹುದಾದ ಕೆಲವು ಪ್ರಶ್ನೆಗಳಿವೆ. ನೋವು ಮೂರು ತಿಂಗಳಿಗಿಂತ ಹಳೆಯದೇ? 45 ವರ್ಷ ತುಂಬುವ ಮೊದಲೇ ಆರಂಭವಾಯಿತೇ? ಇಂಥ ದಿನ, ಇಂಥ ಮೂಟೆ ಎತ್ತಿದಾಗ ಬಂತು ಎಂದು ಬೆರಳಿಟ್ಟು ತೋರಿಸಲಾಗದಂತೆ ನಿಧಾನವಾಗಿ ಬಂದದ್ದೇ? ಇವು ಮೊದಲ ಮೂರು.

ನಾಲ್ಕನೆಯದೇ ಮುಖ್ಯ: ಮಲಗಿದರೆ, ಕುಳಿತರೆ ಹೆಚ್ಚಾಗಿ, ಓಡಾಡಿದರೆ ಕಡಿಮೆಯಾಗುತ್ತದೆಯೇ? ಸಾಮಾನ್ಯ ಸೊಂಟ ನೋವಿನ ನಡೆ ಇದಕ್ಕೆ ಪೂರ್ತಿ ವಿರುದ್ಧ. ದಿನವಿಡೀ ದುಡಿದು ಸಂಜೆಗೆ ನೋವು ಬಂದು, ರಾತ್ರಿ ಮಲಗಿದರೆ ತಗ್ಗುವುದು ಆಯಾಸದ ನೋವು. ರಾತ್ರಿಯ ಎರಡನೆಯ ಭಾಗದಲ್ಲಿ, ಮೂರು ನಾಲ್ಕು ಗಂಟೆಯ ಹೊತ್ತಿಗೆ ಎಚ್ಚರಗೊಳಿಸಿ, ಎದ್ದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕಿದ ಮೇಲೆಯೇ ಸಡಿಲವಾಗುವುದು ಉರಿಯೂತದ ನೋವು. ಬೆಳಿಗ್ಗೆ ಎದ್ದಾಗ ಬೆನ್ನು ಹಲಗೆಯಂತೆ ಬಿಗಿದು, ಅರ್ಧ ಗಂಟೆಗೂ ಮೀರಿ ಹಾಗೆಯೇ ಉಳಿಯುವುದು ಇನ್ನೊಂದು ಸೂಚನೆ. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರಲಾಗದು, ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾಗದು, ಬಿಸಿನೀರು ಹೊಯ್ದುಕೊಂಡರೆ ಸ್ವಲ್ಪ ಹಗುರ ಎಂದು ಜನ ತಾವಾಗಿಯೇ ಹೇಳುತ್ತಾರೆ, ಕೇಳುವವರು ಇರಬೇಕಷ್ಟೇ.

ಪೃಷ್ಠದ ಒಳಗೆ ಆಳದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬದಲಾಗುವ ನೋವು, ಬೆಳಿಗ್ಗೆ ನೆಲಕ್ಕೆ ಕಾಲೂರಿದಾಗ ಚುಚ್ಚುವ ಹಿಮ್ಮಡಿ ನೋವು, ಉಸಿರೆಳೆದಾಗ ಪಕ್ಕೆಲುಬಿನ ಸುತ್ತ ಹಿಡಿದಂತಾಗುವುದು, ಕಾರಣವಿಲ್ಲದ ಆಯಾಸ ಇವೂ ಜೊತೆಗೂಡಬಹುದು. ಸೋರಿಯಾಸಿಸ್ ಎಂಬ ಚರ್ಮರೋಗವಾಗಲಿ, ಕರುಳಿನ ಉರಿಯೂತದಿಂದ ಬರುವ ದೀರ್ಘಕಾಲದ ಭೇದಿಯಾಗಲಿ ಇದ್ದವರಲ್ಲಿ ಅನುಮಾನ ಇನ್ನಷ್ಟು ಬಲವಾಗಬೇಕು.

ಕಣ್ಣಿನ ಮಾತನ್ನು ಬೇರೆಯಾಗಿ ಹೇಳಬೇಕು. ಈ ರೋಗವಿರುವ ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಯುವೈಟಿಸ್ ಎಂಬ ಕಣ್ಣಿನ ಒಳಗಿನ ಉರಿಯೂತ ಕಾಣಿಸಿಕೊಳ್ಳುತ್ತದೆ. ಒಂದೇ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ಬೆಳಕನ್ನು ಸಹಿಸುವುದಿಲ್ಲ, ನೋಟ ಮಸುಕಾಗುತ್ತದೆ. ಊರಿನಲ್ಲಿ ಇದನ್ನು ಕಣ್ಣುಬೇನೆ ಎಂದು ತಿಳಿದು, ಔಷಧಿ ಅಂಗಡಿಯಿಂದ ಹನಿ ಔಷಧ ತಂದು ಬಿಟ್ಟುಕೊಂಡು ನಾಲ್ಕು ದಿನ ಕಾಯುವುದು ರೂಢಿ. ಕಣ್ಣುಬೇನೆಯಲ್ಲಿ ಕೀವು ಬರುತ್ತದೆ, ಮನೆಯವರಿಗೂ ಹರಡುತ್ತದೆ. ಇದರಲ್ಲಿ ಎರಡೂ ಇಲ್ಲ. ಇದನ್ನು ಅದೇ ದಿನ, ತಪ್ಪಿದರೆ ಮರುದಿನ ಕಣ್ಣಿನ ತಜ್ಞರಿಗೆ ತೋರಿಸದಿದ್ದರೆ ದೃಷ್ಟಿಗೇ ಕುತ್ತು. ಬೆನ್ನುನೋವಿಗೂ ಕೆಂಪು ಕಣ್ಣಿಗೂ ಸಂಬಂಧವಿದೆ ಎಂಬುದು ಗೊತ್ತಿಲ್ಲದ ಕಾರಣ ಹಲವರು ಕಣ್ಣಿನ ವೈದ್ಯರಿಗೆ ಬೆನ್ನಿನ ಸುದ್ದಿಯನ್ನು ಹೇಳುವುದೇ ಇಲ್ಲ. ಹೇಳಿದ್ದರೆ ಎಷ್ಟೋ ಸಲ ಬೆನ್ನಿನ ರೋಗವೂ ಆಗಲೇ ಪತ್ತೆಯಾಗುತ್ತಿತ್ತು.

ತಡವೇಕೆ ಆಗುತ್ತದೆ

ಮೊದಲ ಕಾರಣ ಎಕ್ಸ್‌ರೇ. ಆರಂಭದ ವರ್ಷಗಳಲ್ಲಿ ಅದರಲ್ಲಿ ಏನೂ ಕಾಣದಿರಬಹುದು. ಕೀಲಿನ ಬದಲಾವಣೆ ಎಕ್ಸ್‌ರೇಗೆ ಸಿಗಲು ವರ್ಷಗಳೇ ಬೇಕು. ರಕ್ತದ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗಳೂ ಹಲವರಲ್ಲಿ ಸರಿಯಾಗಿಯೇ ಇರುತ್ತವೆ. ರಿಪೋರ್ಟಿನಲ್ಲಿ ಎಲ್ಲವೂ ನಾರ್ಮಲ್ ಎಂದು ಬಂದರೆ ಮನೆಯವರು ಹುಡುಗ ನಾಟಕ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಇಂಥ ಸಂದರ್ಭದಲ್ಲಿ ಸ್ಯಾಕ್ರೋಇಲಿಯಾಕ್ ಕೀಲುಗಳ ಎಂಆರ್‌ಐ ಬೇಕಾಗಬಹುದು. ಬೆನ್ನಿನ ಎಂಆರ್‌ಐ ಮಾತ್ರ ಮಾಡಿಸಿದರೆ ರೋಗ ಆರಂಭವಾಗುವ ಜಾಗವೇ ಬಿಟ್ಟುಹೋಗುವ ಸಾಧ್ಯತೆ ಇದೆ.

ಎರಡನೆಯದು ಹತ್ತಿರದಲ್ಲೇ ಸಿಗುವ ಪರಿಹಾರಗಳು. ನೋವಿನ ಮಾತ್ರೆ ಒಂದೆರಡು ದಿನ ಸುಖ ಕೊಡುತ್ತದೆ. ಉಳುಕು ತೆಗೆಯುವವರಿದ್ದಾರೆ, ಪುತ್ತೂರು ಕಟ್ಟು ಹಾಕುವವರಿದ್ದಾರೆ. ಮೂಳೆ ಮುರಿತಕ್ಕೆ ಕಟ್ಟು ಹಾಕುವ ಪರಂಪರೆಯ ಬಗ್ಗೆ ಇಲ್ಲಿ ಚರ್ಚೆ ಬೇಡ. ಆದರೆ ಉರಿಯೂತದ ಬೆನ್ನನ್ನು ತುಳಿಸುವುದು, ಕತ್ತನ್ನು ಹಿಡಿದು ಲಟಕ್ಕನೆ ತಿರುಗಿಸುವುದು ಅಪಾಯ. ಬೆಸೆಯುತ್ತಿರುವ ಮೂಳೆ ಆ ಒಂದು ತಿರುವಿಗೇ ಮುರಿದು, ಒಳಗಿನ ನರಗಳಿಗೆ ಪೆಟ್ಟಾಗಬಹುದು. ಹೆಸರಿಲ್ಲದ ವಾತದ ಪುಡಿಗಳದ್ದು ಮತ್ತೊಂದು ಕಥೆ. ತಿಂದ ಮರುದಿನವೇ ಪವಾಡದಂತೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯ ಪಡಬೇಕು. ಸ್ಟೀರಾಯ್ಡ್ ಮಾತ್ರೆ ಈ ರೋಗದ ಬೆನ್ನಿಗೆ ದೀರ್ಘಕಾಲದ ಚಿಕಿತ್ಸೆಯೇ ಅಲ್ಲ, ಮೊದಲೇ ಟೊಳ್ಳಾಗುತ್ತಿರುವ ಮೂಳೆಯನ್ನು ಅದು ಇನ್ನಷ್ಟು ಟೊಳ್ಳು ಮಾಡುತ್ತದೆ.

ಮೂರನೆಯದು, ಇದು ಗಂಡಸರ ರೋಗ ಎಂಬ ಹಳೆಯ ನಂಬಿಕೆ. ವೈದ್ಯಪುಸ್ತಕಗಳೇ ಬಹುಕಾಲ ಹಾಗೆ ಬರೆದವು. ಗಂಡಸರಲ್ಲಿ ಮೂಳೆಯ ಬೆಸುಗೆ ಹೆಚ್ಚು ಎಂಬುದು ನಿಜ. ರೋಗವೇನೂ ಹೆಂಗಸರನ್ನು ಬಿಟ್ಟಿಲ್ಲ. ಹೆಂಗಸರಲ್ಲಿ ಎಕ್ಸ್‌ರೇಯ ಬದಲಾವಣೆ ಕಡಿಮೆ, ನೋವು ಕತ್ತು, ಭುಜಗಳಿಗೂ ಹರಡಿಕೊಂಡಿರುತ್ತದೆ, ಅದಕ್ಕೆ ಹೆರಿಗೆಯ ನಂತರದ ನಿಶ್ಶಕ್ತಿ ಎಂಬ ಹೆಸರು ಸುಲಭವಾಗಿ ಸಿಕ್ಕಿಬಿಡುತ್ತದೆ. ಬಾಣಂತನ ಮುಗಿದು ವರ್ಷವಾದರೂ ರಾತ್ರಿ ನಾಲ್ಕು ಗಂಟೆಗೆ ಎಬ್ಬಿಸುವ ನೋವು ಬಾಣಂತನದ ನೋವಲ್ಲ.

ನಾಲ್ಕನೆಯ ಕಾರಣವನ್ನು ಕರ್ನಾಟಕದ ಒಂದು ಉದಾಹರಣೆಯಿಂದ ತಿಳಿಯಬಹುದು. 1970ರ ದಶಕದ ಮಧ್ಯಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟದ ಕೀಲು, ಬೆನ್ನುಗಳನ್ನು ಬಾಗಿಸಿ ನಡೆಯಲಾಗದಂತೆ ಮಾಡುವ ಕಾಯಿಲೆಯೊಂದು ಬೆಳಕಿಗೆ ಬಂತು. ಹಂದಿಗೋಡು ಕಾಯಿಲೆ ಎಂದೇ ಹೆಸರಾದ ಅದು ವಂಶಪಾರಂಪರ್ಯವಾಗಿ ಬರುವ ಮೂಳೆ ಬೆಳವಣಿಗೆಯ ದೋಷ; ಇಲ್ಲಿ ಹೇಳುತ್ತಿರುವ ಉರಿಯೂತ ವಾತಕ್ಕಿಂತ ಬೇರೆ. ಆದರೆ ಒಂದೇ ಊರಿನಲ್ಲಿ, ಒಂದೇ ಕೇರಿಯಲ್ಲಿ ಹಲವರು ಕೋಲೂರಿ ನಡೆಯುವುದು ಕಂಡದ್ದರಿಂದ ಪತ್ರಿಕೆಗಳು ಬರೆದವು, ವಿಜ್ಞಾನಿಗಳು ಬಂದರು, ಸರ್ಕಾರ ಸಮೀಕ್ಷೆ ನಡೆಸಿತು. ಉರಿಯೂತ ವಾತ ಹಾಗೆ ಗುಂಪಾಗಿ ಕಾಣಿಸಿಕೊಳ್ಳುವುದಿಲ್ಲ. ಒಂದು ಊರಿಗೆ ಒಬ್ಬರು, ಇನ್ನೊಂದು ಊರಿಗೆ ಇಬ್ಬರು. ಹಾಗೆ ಚದುರಿದವರು ಯಾರ ಕಣ್ಣಿಗೂ ಸಮಸ್ಯೆಯಾಗಿ ಬೀಳುವುದಿಲ್ಲ. ಅವರನ್ನು ಹುಡುಕಿಕೊಂಡು ಸಮೀಕ್ಷೆಯೂ ಬರುವುದಿಲ್ಲ.

ಇದೇ ರೋಗವೆಂದು ತೋರುವ ಬೇರೆ ರೋಗಗಳು

ಬೆನ್ನು ಬಿಗಿದ ಮಾತ್ರಕ್ಕೆ ಎಲ್ಲವೂ ಇದೇ ಎನ್ನಲಾಗದು. ಅವುಗಳಲ್ಲಿ ಎರಡು ನೇರವಾಗಿ ಪಂಚಾಯಿತಿಯ ಕೆಲಸದ ವ್ಯಾಪ್ತಿಗೇ ಬರುತ್ತವೆ. ಒಂದು ಫ್ಲೋರೋಸಿಸ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಆಳದ ಕೊಳವೆಬಾವಿಗಳ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದರೆ ಅಸ್ಥಿರಜ್ಜುಗಳು ಸುಣ್ಣಗಟ್ಟಿ ಬೆನ್ನು ಹೀಗೆಯೇ ಸೆಟೆಯುತ್ತದೆ. ಪಾವಗಡದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಊರಿನ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳಿರುವುದು ಇದರ ಸುಲಭ ಗುರುತು. ಒಂದೇ ನೀರು ಕುಡಿಯುವ ಹಲವರಲ್ಲಿ ಬಿಗಿತ ಕಂಡರೆ ಮೊದಲು ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಬೇಕು.

ಎರಡನೆಯದು ಬ್ರುಸೆಲ್ಲೋಸಿಸ್. ಹಸು, ಎಮ್ಮೆ, ಕುರಿ, ಮೇಕೆಗಳಲ್ಲಿ ಗರ್ಭಪಾತ ಉಂಟುಮಾಡುವ ಈ ಸೋಂಕು ಕಾಯಿಸದ ಹಾಲಿನಿಂದಲೂ, ಕಂದು ಹಾಕಿದ ಕರುವನ್ನು, ಸತ್ತೆಯನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಅದರ ಜೊತೆಗೆ ಅದೇ ಸ್ಯಾಕ್ರೋಇಲಿಯಾಕ್ ಕೀಲಿನ ನೋವು. ಇದಕ್ಕೆ ಆಂಟಿಬಯಾಟಿಕ್ ಚಿಕಿತ್ಸೆ ಇದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕಲಾಗುತ್ತದೆ. ಹೈನುಗಾರಿಕೆ ಇರುವ ಪಂಚಾಯಿತಿಗಳಲ್ಲಿ ಲಸಿಕೆಯ ದಿನವನ್ನು ಮುಂಚಿತವಾಗಿ ಡಂಗುರ ಸಾರಿಸುವುದು ಸಣ್ಣ ಕೆಲಸವಲ್ಲ.

ಬೆನ್ನುಮೂಳೆಯ ಕ್ಷಯ ಮೂರನೆಯದು. ಸಂಜೆಯ ಜ್ವರ, ತೂಕ ಇಳಿಯುವುದು, ಒಂದೇ ಮಣಿಯ ಮೇಲೆ ಒತ್ತಿದರೆ ನೋವು ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕ್ಷಯದ ಪರೀಕ್ಷೆ ಮಾಡಿಸಬೇಕು. ಕಾಲುಗಳಲ್ಲಿ ಶಕ್ತಿ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು ಯಾವ ಕಾರಣದಿಂದಲೇ ಆಗಲಿ ಅದು ತುರ್ತು ಪರಿಸ್ಥಿತಿ.

ಚಿಕಿತ್ಸೆ

ರೋಗವನ್ನು ಬೇರುಸಹಿತ ಕಿತ್ತುಹಾಕುವ ಔಷಧ ಇಲ್ಲ. ಹಿಡಿತದಲ್ಲಿಡುವ ಔಷಧಗಳಿವೆ, ಮತ್ತು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಅವು ಬಹಳ ಸುಧಾರಿಸಿವೆ. ಮೊದಲ ಮೆಟ್ಟಿಲು ನ್ಯಾಪ್ರಾಕ್ಸೆನ್, ಇಂಡೊಮೆಥಾಸಿನ್, ಎಟೋರಿಕಾಕ್ಸಿಬ್‌ನಂತಹ ಉರಿಯೂತ ಇಳಿಸುವ ಮಾತ್ರೆಗಳು. ಇವು ನೋವನ್ನು ಮರೆಸುವ ಮಾತ್ರೆಗಳಷ್ಟೇ ಅಲ್ಲ, ಈ ರೋಗದಲ್ಲಿ ಇವೇ ಮೊದಲ ಚಿಕಿತ್ಸೆ. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡ, ರಕ್ತದೊತ್ತಡಗಳ ಮೇಲೆ ಪರಿಣಾಮ ಬೀರುವುದರಿಂದ ವೈದ್ಯರು ಹೇಳಿದ ಪ್ರಮಾಣದಲ್ಲಿ, ಆಗಾಗ ರಕ್ತ ಪರೀಕ್ಷಿಸಿಕೊಂಡು ತೆಗೆದುಕೊಳ್ಳಬೇಕು. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಇಂಥ ಎರಡು ಬಗೆಯ ಮಾತ್ರೆಗಳಿಂದಲೂ ಉರಿಯೂತ ತಗ್ಗದಿದ್ದರೆ ರುಮಟಾಲಜಿ ತಜ್ಞರು ಜೈವಿಕ ಚುಚ್ಚುಮದ್ದುಗಳನ್ನು ಸೂಚಿಸುತ್ತಾರೆ. ಅಡಾಲಿಮುಮ್ಯಾಬ್, ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್ ಎಂಬುವು ಟಿಎನ್‌ಎಫ್ ಎಂಬ ಉರಿಯೂತಕಾರಕವನ್ನು ತಡೆಯುತ್ತವೆ. ಸೆಕುಕಿನುಮ್ಯಾಬ್ ಇನ್ನೊಂದು ದಾರಿಯಲ್ಲಿ ಕೆಲಸ ಮಾಡುತ್ತದೆ. ಟೊಫಾಸಿಟಿನಿಬ್ ಬಾಯಿಂದ ನುಂಗುವ ಮಾತ್ರೆ. ಇವು ದುಬಾರಿ. 2014ರಲ್ಲಿ ಅಹಮದಾಬಾದಿನ ಕಂಪನಿಯೊಂದು ಅಡಾಲಿಮುಮ್ಯಾಬ್‌ನ ಸಮಾನ ಔಷಧವನ್ನು ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದ ಮೇಲೆ ಭಾರತದಲ್ಲಿ ಬೆಲೆ ಇಳಿದಿದೆ. ಆದರೂ ಕೂಲಿಯ ಮನೆಗೆ ಅದು ಸಣ್ಣ ಹೊರೆಯಲ್ಲ. ಈ ಔಷಧಗಳು ದೇಹದ ರಕ್ಷಣೆಯನ್ನು ಸ್ವಲ್ಪ ಸಡಿಲಿಸುವುದರಿಂದ ಒಳಗೆ ಮಲಗಿರುವ ಕ್ಷಯ ಎಚ್ಚರಗೊಳ್ಳಬಹುದು. ಚುಚ್ಚುಮದ್ದಿಗೆ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಕಡ್ಡಾಯವೆಂದೇ ತಿಳಿಯಬೇಕು.

ಖರ್ಚಿನ ವಿಷಯದಲ್ಲಿ ಸದಸ್ಯರು ದಾರಿ ತೋರಬಹುದು. ಪೀಣ್ಯದ ಕಾರ್ಮಿಕರಲ್ಲಿ ಇಎಸ್‌ಐ ಕಾರ್ಡ್ ಉಳ್ಳವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ಉಳಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶಿಫಾರಸು ಪತ್ರ ಪಡೆದು ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೋ ವಿಕ್ಟೋರಿಯಾ ಆಸ್ಪತ್ರೆಗೋ ಹೋಗಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವ ತಪಾಸಣೆ, ಯಾವ ಚಿಕಿತ್ಸೆ ಸಿಗುತ್ತದೆಂಬುದನ್ನು ಹಣ ಕಟ್ಟುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ಕೇಳಿ ತಿಳಿಯಬೇಕು. ಆಮೇಲೆ ಕೇಳಿದರೆ ಪ್ರಯೋಜನವಿಲ್ಲ. ದಿನನಿತ್ಯದ ಮಾತ್ರೆಗಳಿಗೆ ಜನೌಷಧಿ ಕೇಂದ್ರಗಳಿವೆ.

ದಿನದ ಬದುಕು

ಔಷಧದಷ್ಟೇ ತೂಕ ವ್ಯಾಯಾಮಕ್ಕೂ ಇದೆ. ಸೊಂಟ ನೋವು ಎಂದವರಿಗೆ ಮಲಗಿ ವಿಶ್ರಾಂತಿ ತೆಗೆದುಕೋ ಎನ್ನುವುದು ಪ್ರೀತಿಯ ಮಾತೇ. ಈ ರೋಗದಲ್ಲಿ ಮಾತ್ರ ಅದು ಕೇಡು ಮಾಡುತ್ತದೆ. ದಿನವೂ ನಡಿಗೆ, ಬೆನ್ನು, ಸೊಂಟ, ಕತ್ತುಗಳನ್ನು ಎಲ್ಲ ದಿಕ್ಕಿಗೂ ನಿಧಾನವಾಗಿ ಚಾಚುವುದು, ಎದೆ ತುಂಬ ಉಸಿರೆಳೆಯುವುದು, ದಿನಕ್ಕೆ 15–20 ನಿಮಿಷ ಬೋರಲು ಮಲಗುವುದು ಇವು ಬೆನ್ನು ಬೆಸೆಯುವುದಾದರೂ ಗೂನಾಗದೆ ನೇರವಾಗಿ ಉಳಿಯಲು ನೆರವಾಗುತ್ತವೆ. ಭುಜಂಗಾಸನ, ಮಕರಾಸನಗಳಂಥ ಹಿಂದಕ್ಕೆ ಬಾಗುವ, ಬೋರಲು ಮಲಗುವ ಆಸನಗಳು ಒಳ್ಳೆಯವು. ಬೆನ್ನು ಆಗಲೇ ಬೆಸೆದವರು ಶೀರ್ಷಾಸನ, ಬಲವಂತದ ಮುಂಬಾಗು, ಕಬಡ್ಡಿ, ಕುಸ್ತಿಗಳಿಂದ ದೂರವಿರಬೇಕು. ಮೆತ್ತನೆಯ ಹಾಸಿಗೆ, ಎತ್ತರದ ದಿಂಬು ಬೇಡ. ಬೀಡಿ, ಸಿಗರೇಟು ಈ ರೋಗದಲ್ಲಿ ಮೂಳೆಯ ಬೆಸುಗೆಯನ್ನು ತ್ವರೆಗೊಳಿಸುತ್ತವೆ ಮಾತ್ರವಲ್ಲ, ಪಕ್ಕೆಲುಬುಗಳು ಬಿಗಿದು ಮೊದಲೇ ಕಡಿಮೆಯಾದ ಉಸಿರನ್ನು ಇನ್ನಷ್ಟು ಕುಗ್ಗಿಸುತ್ತವೆ.

ಮನೆಯಲ್ಲೇ ಮಾಡಬಹುದಾದ ಒಂದು ಅಳತೆ ಇದೆ. ಹಿಮ್ಮಡಿ, ಬೆನ್ನು ಗೋಡೆಗೆ ತಾಗುವಂತೆ ನೇರವಾಗಿ ನಿಂತು ತಲೆಯ ಹಿಂಭಾಗವನ್ನು ಗೋಡೆಗೆ ತಾಗಿಸಬೇಕು. ತಾಗದಿದ್ದರೆ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದು, ತಿಂಗಳಿಗೊಮ್ಮೆ ದಿನಾಂಕದೊಡನೆ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಬೇಕು. ಅಂತರ ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಿದ್ದಾಗಿನ ಎಚ್ಚರ ಪ್ರತ್ಯೇಕ. ಬೆಸೆದ ಬೆನ್ನಿನವರು ಬಚ್ಚಲಲ್ಲಿ ಜಾರಿದರೂ, ದ್ವಿಚಕ್ರ ವಾಹನದಿಂದ ಮೆಲ್ಲಗೆ ಉರುಳಿದರೂ, ಆನಂತರ ಕತ್ತು ಅಥವಾ ಬೆನ್ನಿನಲ್ಲಿ ಹೊಸ ನೋವು ಕಂಡರೆ ಮುರಿತವೆಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು. ಮೊದಲಿನಿಂದಲೂ ಬಾಗಿರುವ ಕತ್ತನ್ನು ನೇರ ಮಾಡಲು ಯಾರೂ ಎಳೆಯಬಾರದು. ಹೇಗಿದೆಯೋ ಹಾಗೆಯೇ ಆನಿಸಿ ಸಾಗಿಸಬೇಕು. ಆಂಬುಲೆನ್ಸ್ ಸಿಬ್ಬಂದಿಗೆ ರೋಗದ ಹೆಸರು ಹೇಳಬೇಕು. ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ವೈದ್ಯರಿಗೂ ಹೇಳಬೇಕು, ಏಕೆಂದರೆ ಬಿಗಿದ ಕತ್ತಿನಲ್ಲಿ ಉಸಿರಿನ ಕೊಳವೆ ಇಳಿಸುವುದು ಕಷ್ಟ.

ಮದುವೆ, ಮಕ್ಕಳ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. ರೋಗ ಅಂಟುವುದಿಲ್ಲ. ತಂದೆ ಅಥವಾ ತಾಯಿಯಿಂದ ಬಿ27 ಗುರುತು ಮಗುವಿಗೆ ಬರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧ. ಹಾಗೆ ಬಂದ ಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ರೋಗ ಕಾಣಬಹುದು. ಅಂದರೆ ಬಹುಪಾಲು ಮಕ್ಕಳಿಗೆ ಬರುವುದೇ ಇಲ್ಲ. ಸಂಬಂಧ ಮುರಿಯಲು ಇದು ಕಾರಣವಾಗಲಾರದು.

ಪಂಚಾಯಿತಿಯ ಕೈಯಲ್ಲಿರುವುದು

ಕೆಲಸ ಬಿಡಿಸುವುದಕ್ಕಿಂತ ಕೆಲಸ ಬದಲಿಸುವುದು ಮೇಲು. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಗುದ್ದಲಿ ಹಿಡಿಯಲಾಗದವರಿಗೆ ನೀರು ಕೊಡುವ, ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ವಹಿಸಬಹುದು. ಪಂಚಾಯಿತಿಯ ನೀರುಗಂಟಿಗೋ ಕರ ವಸೂಲಿಗಾರರಿಗೋ ಸೇವೆಯಲ್ಲಿರುವಾಗಲೇ ರೋಗದಿಂದ ಅಂಗವೈಕಲ್ಯ ಉಂಟಾದರೆ, 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 20ನೆಯ ಪ್ರಕರಣ ಅವರನ್ನು ಕೆಲಸದಿಂದ ತೆಗೆಯುವುದನ್ನೂ ಹುದ್ದೆಯಲ್ಲಿ ಕೆಳಗಿಳಿಸುವುದನ್ನೂ ತಡೆಯುತ್ತದೆ. ಅದೇ ವೇತನದಲ್ಲಿ ಹೊಂದುವ ಬೇರೆ ಕೆಲಸಕ್ಕೆ ಬದಲಿಸಬೇಕು. ಸ್ಥಳೀಯ ಸಂಸ್ಥೆಗಳಿಗೂ ಇದು ಅನ್ವಯ.

ಪಂಚಾಯಿತಿ ಕಚೇರಿ, ಗ್ರಂಥಾಲಯ, ಸಮುದಾಯ ಶೌಚಾಲಯಗಳಲ್ಲಿ ಕೂರುವ ಕಮೋಡ್ ಒಂದಾದರೂ ಇರಲಿ, ಪಕ್ಕದಲ್ಲಿ ಹಿಡಿಕೆ ಇರಲಿ. ಕೆರೆಯ ಏರಿಯ ಮೇಲೆ ದೀಪವಿರುವ ನಡಿಗೆ ದಾರಿ ಇದ್ದರೆ ಕೆಲಸ ಮುಗಿಸಿ ಸಂಜೆ ಏಳು ಗಂಟೆಗೆ ಮನೆಗೆ ಬರುವ ಹೆಂಗಸರೂ ನಡೆಯಬಹುದು. ವ್ಯಾಯಾಮ ಮಾಡಿ ಎಂದು ಹೇಳುವುದು ಸುಲಭ, ಮಾಡುವ ಜಾಗವೂ ಬೇಕು. ವಿಕಲಚೇತನರಿಗೆಂದು ಪಂಚಾಯಿತಿ ಮೀಸಲಿಡುವ ಶೇ. 5ರ ಅನುದಾನದಿಂದ ಹಿಡಿಕೆಯಂಥ ಸಣ್ಣ ಕಾಮಗಾರಿಗಳನ್ನು ಕೈಗೊಳ್ಳುವ ಬಗ್ಗೆ ಪಿಡಿಒ ಅವರೊಡನೆ ಚರ್ಚಿಸಬಹುದು.

ಅಂಗವೈಕಲ್ಯ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಅಧಿನಿಯಮದ ಪಟ್ಟಿಯಲ್ಲಿರುವ 21 ಬಗೆಗಳಲ್ಲಿ ಈ ರೋಗದ ಹೆಸರಿಲ್ಲ. ಅದರಿಂದ ಉಂಟಾದ ಚಲನ ವೈಕಲ್ಯವನ್ನು ಅಳೆದು ಪ್ರಮಾಣ ನಿಗದಿ ಮಾಡಲಾಗುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾಸಾಶನ, ರಿಯಾಯಿತಿ ಬಸ್ ಪಾಸ್ ಮುಂತಾದ ಸೌಲಭ್ಯಗಳಿಗೂ ಸರ್ಕಾರಿ ನೇಮಕಾತಿಯ ಮೀಸಲಾತಿಗೂ ಅರ್ಜಿ ಹಾಕಬಹುದು. ಅರ್ಜಿ ಯುಡಿಐಡಿ ಜಾಲತಾಣದ ಮೂಲಕ ಹೋಗುತ್ತದೆ. ಇದರಲ್ಲಿ ನೆರವಾಗುವುದು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಕೆಲಸ. ತೊಡಕಿರುವುದು ತಪಾಸಣೆಯ ಹೊತ್ತಿನಲ್ಲಿ. ವೈದ್ಯಕೀಯ ಮಂಡಳಿಯ ಮುಂದೆ ಸರದಿ ಬರುವುದು ಮಧ್ಯಾಹ್ನ. ಆ ವೇಳೆಗೆ ಓಡಾಡಿ ಬೆನ್ನು ಸಡಿಲವಾಗಿರುತ್ತದೆ, ಮಾತ್ರೆಯೂ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಅರ್ಜಿದಾರರು ಬರಿಗೈಯಲ್ಲಿ ಹೋಗಬಾರದು. ತಜ್ಞ ವೈದ್ಯರು ಬರೆದುಕೊಟ್ಟ ಬೆನ್ನಿನ ಬಾಗುವಿಕೆ, ಎದೆಯ ಹಿಗ್ಗುವಿಕೆಯ ಅಳತೆಗಳು, ಎಕ್ಸ್‌ರೇ, ಎಂಆರ್‌ಐ ವರದಿಗಳು, ಹಿಂದಿನ ಚೀಟಿಗಳು, ಕ್ಯಾಲೆಂಡರಿನಲ್ಲಿ ಬರೆದಿಟ್ಟ ಗೋಡೆಯ ಅಂತರ ಇವೆಲ್ಲ ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿರಬೇಕು. ಸಾಧ್ಯವಾದರೆ ಪುನರ್ವಸತಿ ಕಾರ್ಯಕರ್ತರು ಜೊತೆಗೆ ಹೋಗಬೇಕು. ಮೊದಲ ಸಲ ಪ್ರಮಾಣ ಕಡಿಮೆ ಬಂದರೆ ಮೇಲ್ಮನವಿಗೆ ಅವಕಾಶವಿದೆ. ರೋಗ ಮುಂದುವರಿದರೆ ಮರುತಪಾಸಣೆಯನ್ನೂ ಕೋರಬಹುದು.